ಕರಿಕಲ್ಲು ಮರೆಮಾಡಿದ ಮರಳುಗಲ್ಲು

ಬೆಳಗಾವಿ ಜಿಲ್ಲೆಯ ಪಾಲಬಾವಿಯ ಹೊಲದಲ್ಲಿ ಬೋರ್ ಗಾಡಿ ನಿಂತರೆ ಮೇಲೆ ಚಿಮ್ಮುವ ಪುಡಿಯ ಬಣ್ಣ ಏನಿರುತ್ತದೆಂದು ಊರಿನ ಹಿರಿಯರು ಮೊದಲೇ ಹೇಳಬಲ್ಲರು. ಮೇಲೆ ಎರಿಮಣ್ಣೋ ಮಸಾರಿಯೋ, ಅದರಡಿ ಗರಸು, ಆಮೇಲೆ ಕರಿಕಲ್ಲು. ನಡುವೆ ಎಲ್ಲಾದರೂ ಒಂದಿಷ್ಟು ಕೆಂಪು ಪುಡಿ ಬಂದೀತು, ಮತ್ತೆ ಕರಿಕಲ್ಲು. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳ ಬಹುಪಾಲು ನೆಲದ ಹಾಸು ಇದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಉಕ್ಕಿದ ಲಾವಾ ಮತ್ತೆ ಮತ್ತೆ ಹರಿದು, ತಣಿದು, ಒಂದರ ಮೇಲೊಂದು ಹಾಸಿಕೊಂಡ ಕಲ್ಲಿದು. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಇಂದು ಉಳಿದಿರುವ ಅದರ ಹರವೇ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ನಮ್ಮ ಸೀಮೆ ಅದರ ದಕ್ಷಿಣದ ಅಂಚು.

ಅಂಚು ಎಂದಮೇಲೆ ಅದರಾಚೆ ಬೇರೆ ಕಲ್ಲು ಕಾಣಲೇಬೇಕು. ಗೋಕಾಕಕ್ಕೆ ಹೋದರೆ ಕಾಣುತ್ತದೆ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುವುದು ಮರಳುಗಲ್ಲಿನ ಬಂಡೆಯ ಮೇಲಿಂದ. ಮುಧೋಳ, ಲೋಕಾಪುರ, ಕಲಾದಗಿ, ಬಾಗಲಕೋಟೆ, ಬಾದಾಮಿಯವರೆಗೆ ಇದೇ ಕುಲದ ಶಿಲೆಗಳು ಹಬ್ಬಿವೆ. ಬಾದಾಮಿ ಚಾಲುಕ್ಯರು ಗುಹಾಲಯಗಳನ್ನು ಕೊರೆದದ್ದೂ ಮರಳುಗಲ್ಲಿನಲ್ಲಿಯೇ. ಈ ಪ್ರದೇಶವನ್ನು ಸುತ್ತಿ ನಕ್ಷೆ ಬರೆದು, ಶಿಲಾಸರಣಿಗೆ ಕಲಾದಗಿಯ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತ ಅವರ ಗ್ರಂಥವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 1876ರಲ್ಲಿ ಪ್ರಕಟಿಸಿತು. ಕಲಾದಗಿಯ ಮರಳುಗಲ್ಲು ಉತ್ತರಕ್ಕೂ ಪಶ್ಚಿಮಕ್ಕೂ ಕರಿಕಲ್ಲಿನ ಕೆಳಗೆ ನುಸುಳಿ ಮಾಯವಾಗುತ್ತದೆ. ದೂರದ ದಕ್ಷಿಣ ಕೊಂಕಣದಲ್ಲಿ, ಸವೆದ ಲಾವಾ ಹಾಸಿನ ನಡುವಿನ ಕಿಂಡಿಗಳಲ್ಲಿ, ಅದೇ ಶಿಲೆ ಮತ್ತೆ ತಲೆ ಎತ್ತುತ್ತದೆ. ಹಾಗಾದರೆ ನಡುವೆ, ನಮ್ಮ ಕಬ್ಬಿನ ಗದ್ದೆಗಳ ಕೆಳಗೆ, ಅದು ಎಷ್ಟು ಆಳದಲ್ಲಿದೆ, ಎಷ್ಟು ದಪ್ಪವಿದೆ, ಯಾವ ಸ್ಥಿತಿಯಲ್ಲಿದೆ?

ಈ ಪ್ರಶ್ನೆಯನ್ನು ತೈಲ ಹುಡುಕುವವರೂ ಕೇಳಿದ್ದಾರೆ. ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ಗುರುತಿಸಿರುವ ದೇಶದ 26 ಸಂಚಯ ಶಿಲಾ ಬೇಸಿನ್‌ಗಳ ಪಟ್ಟಿಯಲ್ಲಿ ‘ಭೀಮಾ–ಕಲಾದಗಿ’ ಒಂದು, ‘ಡೆಕ್ಕನ್ ಸಿನೆಕ್ಲೈಸ್’ ಇನ್ನೊಂದು. ಎರಡನೆಯದೆಂದರೆ ಲಾವಾ ಹಾಸಿನ ಕೆಳಗೆ ಅಡಗಿರಬಹುದಾದ ಬೇಸಿನ್. ಪಾಲಬಾವಿ ಈ ಎರಡರ ಸಂಧಿಯ ಸೀಮೆಯಲ್ಲಿದೆ. ಎರಡೂ ಮೂರನೆಯ ದರ್ಜೆಯವು. ಅಲ್ಲಿ ಉತ್ಪಾದನೆಯೂ ಇಲ್ಲ, ಖಚಿತ ನಿಕ್ಷೇಪವೂ ಇಲ್ಲ. ಸರಿಯಾಗಿ ನೋಡಿಯೇ ಇರದ ಇಂಥ ಪ್ರದೇಶಗಳಿಗಾಗಿ 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಿಸ್ಮಿಕ್ ಕಾರ್ಯಕ್ರಮ ಆರಂಭಿಸಿತು. ಓಎನ್‌ಜಿಸಿ ಮತ್ತು ಆಯಿಲ್ ಇಂಡಿಯಾ ಸೇರಿ ಸುಮಾರು 48 ಸಾವಿರ ಕಿಲೋಮೀಟರ್ ಉದ್ದದ ರೇಖೆಗಳ ಮೇಲೆ ನೆಲದ ಪ್ರತಿಧ್ವನಿ ದಾಖಲಿಸುವ ಯೋಜನೆ ಅದು.

ಸಿಸ್ಮಿಕ್ ಎಂದೊಡನೆ ಜನ ಕೇಳುವುದು ಒಂದೇ ಮಾತು: ಎಣ್ಣೆ ಕಾಣಿಸಿತೇ? ಕೇಳುವುದು ಸಹಜ. ಆದರೆ ಸಿಸ್ಮಿಕ್ ಅಲೆ ಎಣ್ಣೆಯನ್ನು ಎಂದೂ ಕಂಡಿಲ್ಲ, ಕಾಣುವುದೂ ಇಲ್ಲ. ಒಂದು ಕಲ್ಲಿಗೂ ಪಕ್ಕದ ಕಲ್ಲಿಗೂ ಇರುವ ವ್ಯತ್ಯಾಸವನ್ನಷ್ಟೇ ಅದು ಹೇಳುತ್ತದೆ. ಆ ಒಂದು ಸುಳಿವಿನಿಂದ ಮರಳುಗಲ್ಲಿನಲ್ಲಿ ಎಷ್ಟು ರಂಧ್ರವಿದೆ, ರಂಧ್ರದಲ್ಲಿ ನೀರಿದೆಯೋ ತೈಲವೋ ಅನಿಲವೋ ಎಂಬಲ್ಲಿಗೆ ಹೋಗುವ ದಾರಿ ಉದ್ದದ್ದು. ಪ್ರತಿ ಹೆಜ್ಜೆಯಲ್ಲೂ ಊಹೆ ಸೇರಿಕೊಳ್ಳುತ್ತದೆ. ಕಳೆದ ನೂರು ವರ್ಷಗಳಲ್ಲಿ ಭೂಭೌತವಿಜ್ಞಾನಿಗಳು ಮಾಡಿದ ದೊಡ್ಡ ಕೆಲಸವೆಂದರೆ ಆ ಊಹೆಯನ್ನು ಅಳತೆಗೆ ಕಟ್ಟಿಹಾಕಿದ್ದು.

ಮರುದನಿಯ ಲೆಕ್ಕ

ಹಳೆಯ ತೆರೆದ ಬಾವಿಯೊಳಗೆ ಕೂಗಿದರೆ ದನಿ ತಿರುಗಿ ಬರುತ್ತದೆ. ಬರಲು ಹಿಡಿದ ಹೊತ್ತು ಆಳವನ್ನು ಹೇಳುತ್ತದೆ. ಬಂದ ದನಿಯ ಜೋರು, ತಳದಲ್ಲಿ ನೀರಿದೆಯೋ ಹೂಳಿದೆಯೋ ಎಂಬುದರ ಅಂದಾಜು ಕೊಡುತ್ತದೆ. ಸಿಸ್ಮಿಕ್ ಸಮೀಕ್ಷೆಯ ತಿರುಳು ಇಷ್ಟೇ. ಕೂಗಿನ ಜಾಗದಲ್ಲಿ ಕಿರುಗುಳಿಯೊಳಗಿನ ಸಿಡಿಮದ್ದು ಅಥವಾ ನೆಲಕ್ಕೆ ತಟ್ಟೆಯೊತ್ತಿ ನಡುಗಿಸುವ ಭಾರಿ ಲಾರಿ ಇರುತ್ತದೆ. ಕಿವಿಯ ಜಾಗದಲ್ಲಿ ಸಾಲಾಗಿ ಊರಿದ ಜಿಯೋಫೋನ್‌ಗಳು. ಅಮೆರಿಕದ ಒಕ್ಲಹೋಮದಲ್ಲಿ ಜೆ. ಸಿ. ಕಾರ್ಚರ್ ಮತ್ತು ಸಂಗಡಿಗರು 1921ರಲ್ಲಿ ಇದರ ಮೊದಲ ಪ್ರಯೋಗಗಳನ್ನು ಮಾಡಿದರು.

ಮರುದನಿ ಹುಟ್ಟುವುದು ಎಲ್ಲಿ? ಕಲ್ಲಿನ ಸಾಂದ್ರತೆಯನ್ನು ಅದರಲ್ಲಿ ಅಲೆ ಸಾಗುವ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆಗೆ ಅಕೌಸ್ಟಿಕ್ ಇಂಪೀಡೆನ್ಸ್ ಎಂದು ಹೆಸರು. ಎರಡು ಪದರಗಳ ಇಂಪೀಡೆನ್ಸ್ ಬೇರೆಯಾದಲ್ಲಿ ಮಾತ್ರ ಅಲೆಯ ಒಂದು ಪಾಲು ಹಿಂದಿರುಗುತ್ತದೆ. ವ್ಯತ್ಯಾಸ ಎಷ್ಟು ದೊಡ್ಡದೋ ಮರುದನಿ ಅಷ್ಟು ಜೋರು.

ಇಲ್ಲಿ ಮರಳುಗಲ್ಲಿನ ಗುಣ ಸಹಾಯಕ್ಕೆ ಬರುತ್ತದೆ. ರಂಧ್ರವೇ ಇರದ ಗಟ್ಟಿ ಮರಳುಗಲ್ಲಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 5,500 ಮೀಟರ್ ಓಡುತ್ತದೆ, ನೀರಿನಲ್ಲಿ ಸುಮಾರು 1,500 ಮೀಟರ್. ಕಲ್ಲಿನಲ್ಲಿ ರಂಧ್ರ ಹೆಚ್ಚಿದಷ್ಟೂ ಅಲೆ ನಿಧಾನವಾಗುತ್ತದೆ. ವೈಲಿ, ಗ್ರೆಗರಿ, ಗಾರ್ಡ್ನರ್ ಎಂಬ ಮೂವರು 1956ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ: ಕಲ್ಲನ್ನು ದಾಟಲು ಬೇಕಾದ ಒಟ್ಟು ಸಮಯ, ಮರಳಕಣದ ಭಾಗಕ್ಕೆ ಹಿಡಿಯುವ ಸಮಯ ಮತ್ತು ರಂಧ್ರದ ನೀರಿನ ಭಾಗಕ್ಕೆ ಹಿಡಿಯುವ ಸಮಯಗಳ ಮೊತ್ತ. ಈ ಸೂತ್ರದಂತೆ ನೂರಕ್ಕೆ ಹತ್ತು ಪಾಲು ರಂಧ್ರವಿರುವ ಮರಳುಗಲ್ಲಿನಲ್ಲಿ ವೇಗ ಸುಮಾರು 4,340 ಮೀಟರ್, ಇಪ್ಪತ್ತು ಪಾಲು ಇದ್ದರೆ 3,590, ಮೂವತ್ತು ಇದ್ದರೆ 3,060. ವೇಗ ತಿಳಿದರೆ ಸರಂಧ್ರತೆಯ ಅಂದಾಜು ಸಿಕ್ಕಂತೆ. ತೈಲ ಉದ್ಯಮಕ್ಕೆ ಇದು ಚಿಕ್ಕ ಸಂಗತಿಯಲ್ಲ. ಒಂದು ಘನ ಮೀಟರ್ ಕಲ್ಲಿನಲ್ಲಿ ನೂರು ಲೀಟರ್ ಹಿಡಿಯುತ್ತದೋ ಇನ್ನೂರೋ ಎಂಬುದರ ಮೇಲೆ ಬಾವಿ ಕೊರೆಯಬೇಕೋ ಬೇಡವೋ ಎಂಬುದು ನಿಂತಿರುತ್ತದೆ.

ರಂಧ್ರ ತುಂಬಿರುವುದು ಏನು ಎಂಬುದು ಇನ್ನೂ ಸೂಕ್ಷ್ಮ. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಗಾಸ್‌ಮನ್ 1951ರಲ್ಲಿ ಬರೆದ ಸಮೀಕರಣ ಇಂದಿಗೂ ಇದರ ಬುನಾದಿ. ಕಲ್ಲಿನ ಒಣ ಚೌಕಟ್ಟು ಎಷ್ಟು ಬಿಗಿ, ಕಣ ಎಷ್ಟು ಗಟ್ಟಿ, ದ್ರವ ಎಷ್ಟು ಅದುಮಿಸಿಕೊಳ್ಳುತ್ತದೆ ಎಂಬುದು ತಿಳಿದರೆ, ನೀರು ತೆಗೆದು ತೈಲ ತುಂಬಿದಾಗ ವೇಗ ಎಷ್ಟಾಗುತ್ತದೆಂದು ಅದು ಲೆಕ್ಕ ಹಾಕಿ ಕೊಡುತ್ತದೆ. ಅನಿಲ ಸೇರಿದರೆ, ಕಲ್ಲನ್ನು ಅದುಮುತ್ತ ಸಾಗುವ ಒತ್ತಲೆಯ ವೇಗ ಥಟ್ಟನೆ ಕುಸಿಯುತ್ತದೆ. ಅಡ್ಡಡ್ಡ ಅಲುಗಾಡಿಸುತ್ತ ಸಾಗುವ ಇನ್ನೊಂದು ಬಗೆಯ ಅಲೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ದ್ರವಕ್ಕಾಗಲಿ ಅನಿಲಕ್ಕಾಗಲಿ ಅಡ್ಡ ಸೆಳೆತವನ್ನು ತಡೆಯುವ ಬಿಗಿ ಇಲ್ಲ. ಎರಡು ಅಲೆಗಳ ವೇಗದ ಅನುಪಾತ ನೋಡಿ ಕಲ್ಲಿನೊಳಗೆ ಏನಿದೆ ಎಂದು ಊಹಿಸುವ ಕ್ರಮ ಹುಟ್ಟಿದ್ದು ಹೀಗೆ. ಮರುದನಿಯನ್ನು ಹತ್ತಿರದಿಂದಲೂ ದೂರದಿಂದಲೂ ಕೇಳಿ ಅದರ ಬಲ ಹೇಗೆ ಬದಲಾಗುತ್ತದೆಂದು ನೋಡುವ ವಿಧಾನ 1984ರಲ್ಲಿ ಆಸ್ಟ್ರಾಂಡರ್ ಬರೆದ ಪ್ರಬಂಧದ ನಂತರ ಎಲ್ಲೆಡೆ ಬಳಕೆಗೆ ಬಂತು.

ಇದರಲ್ಲೊಂದು ಕಠಿಣ ಪಾಠವೂ ಇದೆ. ರಂಧ್ರಗಳಲ್ಲಿ ನೂರಕ್ಕೆ ಐದು ಪಾಲು ಅನಿಲವಿದ್ದರೂ ವೇಗ ಕುಸಿಯುತ್ತದೆ, ಎಂಬತ್ತು ಪಾಲು ಇದ್ದರೂ ಹೆಚ್ಚುಕಡಿಮೆ ಅಷ್ಟೇ ಕುಸಿಯುತ್ತದೆ. ಮೊದಲನೆಯದು ಕೆಲಸಕ್ಕೆ ಬಾರದ ಬಾವಿ, ಎರಡನೆಯದು ಭಾಗ್ಯದ ಬಾವಿ. ನಕ್ಷೆಯಲ್ಲಿ ಎರಡರದೂ ಒಂದೇ ಬಣ್ಣ. ಜಗತ್ತಿನ ಎಷ್ಟೋ ದುಬಾರಿ ಬಾವಿಗಳು ಈ ಒಂದು ಕಾರಣಕ್ಕೆ ಬರಿದಾಗಿವೆ.

ಬಣ್ಣದ ನಕ್ಷೆ ಎಲ್ಲಿಂದ ಬರುತ್ತದೆ

ಮರುದನಿಯಿಂದ ಹಿಂದಕ್ಕೆ ನಡೆದು ಇಂಪೀಡೆನ್ಸ್ ಕಂಡುಹಿಡಿಯುವ ಗಣಿತಕ್ಕೆ ಇನ್ವರ್ಶನ್ ಎನ್ನುತ್ತಾರೆ. ತೈಲ ಕಂಪನಿಗಳ ವರದಿಗಳಲ್ಲಿ ಕಾಣುವ ನೀಲಿ, ಹಳದಿ, ಕೆಂಪು ಬಣ್ಣಗಳ ಚೆಂದದ ಚಿತ್ರಗಳು ಇದರ ಫಲ. ಆ ಚಿತ್ರಗಳನ್ನು ನೋಡುವವರು ಒಂದು ಮಾತು ತಿಳಿದಿರಬೇಕು. ಸಿಸ್ಮಿಕ್ ದಾಖಲೆಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಎಂಟು–ಹತ್ತು ಕಂಪನಗಳಿಗಿಂತ ಕೆಳಗಿನ ಮಾಹಿತಿ ಸಿಗುವುದಿಲ್ಲ. ಆದರೆ ಆಳಕ್ಕಿಳಿದಂತೆ ಕಲ್ಲು ಒಟ್ಟಾರೆ ಹೇಗೆ ಗಟ್ಟಿಯಾಗುತ್ತ ಹೋಗುತ್ತದೆ ಎಂಬ ಮುಖ್ಯ ಮಾಹಿತಿ ಇರುವುದು ಅಲ್ಲಿಯೇ. ಅದನ್ನು ಕೊರೆದ ಬಾವಿಯಿಂದ ತರಬೇಕು. ಬಾವಿಯೊಳಗೆ ಉಪಕರಣ ಇಳಿಬಿಟ್ಟು ವೇಗವನ್ನೂ ಸಾಂದ್ರತೆಯನ್ನೂ ಅಂಗುಲ ಅಂಗುಲಕ್ಕೆ ಅಳೆದು, ಆ ಅಳತೆಯಿಂದ ಕೃತಕ ಮರುದನಿ ತಯಾರಿಸಿ, ಅದು ನಿಜವಾದ ಮರುದನಿಯ ಜೊತೆ ಕೂಡುತ್ತದೆಯೇ ಎಂದು ನೋಡುತ್ತಾರೆ. ಕೂಡಿದರೆ ಮಾತ್ರ ಮುಂದಿನ ಕೆಲಸ. ಬಾವಿಗಳು ದೂರ ದೂರ ಇದ್ದಲ್ಲಿ ನಡುವಿನ ಜಾಗಕ್ಕೆ ಬಣ್ಣ ತುಂಬಿದ್ದು ಬಹುಮಟ್ಟಿಗೆ ಅಂಕಿಗಳನ್ನು ಎಳೆದು ಜೋಡಿಸಿದ ಲೆಕ್ಕ. ಈಚೆಗೆ ಯಂತ್ರಕಲಿಕೆ ಬಂದಿದೆ, ನೂರಾರು ಲಕ್ಷಣಗಳನ್ನು ಒಟ್ಟಿಗೆ ತೂಗಿ ಸರಂಧ್ರತೆ ಹೇಳುತ್ತದೆ. ಅದಕ್ಕೂ ಕಲಿಸಬೇಕಾದವು ಬಾವಿಗಳೇ. ನನ್ನ ಮಟ್ಟಿಗೆ ಸಿಸ್ಮಿಕ್ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಬಣ್ಣದ ನಕ್ಷೆಯನ್ನಲ್ಲ, ಅದರ ಹಿಂದೆ ಎಷ್ಟು ಬಾವಿಗಳಿವೆ ಎಂಬುದನ್ನು.

ಎಷ್ಟು ತೆಳುವಾದ ಪದರ ಕಾಣಬಹುದು ಎಂಬುದಕ್ಕೂ ಮಿತಿಯಿದೆ. ಸೆಕೆಂಡಿಗೆ 3,000 ಮೀಟರ್ ವೇಗದ ಕಲ್ಲಿನಲ್ಲಿ 30 ಹರ್ಟ್ಸ್ ಅಲೆಯ ಉದ್ದ 100 ಮೀಟರ್. ಅದರ ಕಾಲುಭಾಗ, ಅಂದರೆ 25 ಮೀಟರ್‌ಗಿಂತ ತೆಳುವಾದ ಪದರದ ಮೇಲ್ಮೈ ಮತ್ತು ತಳಗಳು ಬೇರೆ ಬೇರೆಯಾಗಿ ಕಾಣವು. ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ತೈಲ ಹರಿಯಗೊಡುತ್ತವೆಯೇ ಎಂಬುದನ್ನು ಅಲೆ ನೇರವಾಗಿ ಹೇಳುವುದೂ ಇಲ್ಲ. ರಾಜಸ್ಥಾನದ ಬಾಡಮೇರ್‌ನಲ್ಲಿ 2004ರ ಜನವರಿಯಲ್ಲಿ ಕೇರ್ನ್ ಕಂಪನಿಗೆ ಸಿಕ್ಕ ಮಂಗಲಾ ನಿಕ್ಷೇಪ ದೊಡ್ಡದೆನಿಸಿಕೊಂಡದ್ದು ಈ ಎರಡೂ ಗುಣ ಕೂಡಿದ್ದರಿಂದ. ಅಲ್ಲಿನ ಫತೇಗಢ ಮರಳುಗಲ್ಲಿನಲ್ಲಿ ಸರಾಸರಿ ಕಾಲುಭಾಗದಷ್ಟು ರಂಧ್ರ, ಜೊತೆಗೆ ಧಾರಾಳವಾಗಿ ಹರಿಯಗೊಡುವ ಗುಣ. 2009ರ ಆಗಸ್ಟ್‌ನಲ್ಲಿ ಅಲ್ಲಿಂದ ತೈಲ ಹೊರಬರತೊಡಗಿತು. ಮೇಣದಂಶ ಹೆಚ್ಚಿರುವ ಆ ತೈಲ ತಣ್ಣಗಾದರೆ ಗಟ್ಟಿಯಾಗುವುದರಿಂದ ಅದನ್ನು ಬಿಸಿಮಾಡುತ್ತಲೇ ಕೊಳವೆಯಲ್ಲಿ ಗುಜರಾತಿನತ್ತ ಸಾಗಿಸುತ್ತಾರೆ.

ನಮ್ಮ ನೆಲದ ತೊಡಕು

ಬಾಡಮೇರ್‌ನಲ್ಲಿ ನಡೆದದ್ದು ರಾಯಬಾಗದಲ್ಲಿ ಏಕೆ ನಡೆಯುವುದಿಲ್ಲ? ಮೊದಲ ಅಡ್ಡಿ ಕರಿಕಲ್ಲೇ, ಅಂದರೆ ಬಸಾಲ್ಟ್. ಬಸಾಲ್ಟ್‌ನಲ್ಲಿ ಅಲೆ ಸೆಕೆಂಡಿಗೆ ಐದೂವರೆ ಸಾವಿರ ಮೀಟರ್ ಆಸುಪಾಸಿನಲ್ಲಿ ಓಡುತ್ತದೆ, ಸಾಂದ್ರತೆಯೂ ಹೆಚ್ಚು. ಮೇಲಿನ ಸಡಿಲ ಮಣ್ಣಿನಿಂದ ಕರಿಕಲ್ಲಿಗೆ ಬಡಿದ ಅಲೆಯ ದೊಡ್ಡ ಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಒಳಹೊಕ್ಕದ್ದೂ ನೆಮ್ಮದಿಯಾಗಿ ಇಳಿಯುವುದಿಲ್ಲ. ಒಂದು ಲಾವಾ ಹರಿವಿನ ಮೇಲ್ಭಾಗ ಗುಳ್ಳೆಗುಳ್ಳೆಯಾಗಿ ಹಗುರ, ನಡುಭಾಗ ಗಟ್ಟಿ, ಆ ಹರಿವಿನ ಮೇಲೊಂದು ಕೆಂಪು ಮಣ್ಣಿನ ಪಟ್ಟಿ, ಮತ್ತೆ ಮುಂದಿನ ಹರಿವು. ಬೋರ್ ಹೊಡೆಯುವಾಗ ನಡುವೆ ಬರುವ ಕೆಂಪು ಪುಡಿ ಇದೇ ಪಟ್ಟಿಯದು. ಅಲೆ ಈ ಪದರಗಳ ನಡುವೆ ಹಿಂದೆ ಮುಂದೆ ಬಡಿದಾಡಿ ಸುಳ್ಳು ಮರುದನಿಗಳ ಗದ್ದಲ ಎಬ್ಬಿಸುತ್ತದೆ. ಚೂಪು ಕಂಪನಗಳು ಚದುರಿಹೋಗಿ ಮಂದ ಕಂಪನಗಳಷ್ಟೇ ಕೆಳಗೆ ತಲುಪುತ್ತವೆ. 15 ಹರ್ಟ್ಸ್ ಮಾತ್ರ ಉಳಿಯಿತು ಎನ್ನೋಣ: ಇಂಥ ಕಲ್ಲಿನಲ್ಲಿ ಅದರ ಅಲೆಯ ಉದ್ದ 360 ಮೀಟರ್ ದಾಟುತ್ತದೆ, ತೊಂಬತ್ತು ಮೀಟರ್‌ಗಿಂತ ತೆಳುವಾದದ್ದು ಬಿಡಿಯಾಗಿ ಕಾಣದು.

ಎರಡನೆಯ ಅಡ್ಡಿ ಇನ್ನೂ ಸ್ವಾರಸ್ಯದ್ದು. ಕರಿಕಲ್ಲಿನ ಕೆಳಗೆ ನೇರವಾಗಿ ಗ್ರಾನೈಟ್ ಜಾತಿಯ ಶಿಲೆ ಇದ್ದರೆ, ಅದರ ವೇಗ ತುಸು ಹೆಚ್ಚು, ಸಾಂದ್ರತೆ ತುಸು ಕಡಿಮೆ. ಗುಣಿಸಿ ನೋಡಿದರೆ ಎರಡರ ಇಂಪೀಡೆನ್ಸ್ ಹೆಚ್ಚುಕಡಿಮೆ ಒಂದೇ, ಹಾಗಾಗಿ ಮರುದನಿ ತೀರ ಕ್ಷೀಣ. ನಡುವೆ ರಂಧ್ರ ತುಂಬಿದ ಮೆತ್ತನೆಯ ಮರಳುಗಲ್ಲು ಇದ್ದರೆ ವ್ಯತ್ಯಾಸ ದೊಡ್ಡದಾಗಿ, ಎಷ್ಟೇ ಗದ್ದಲವಿದ್ದರೂ ಅದರ ಸುಳಿವು ಸಿಗುವ ಸಾಧ್ಯತೆ ಉಂಟು. ಕಲಾದಗಿಯ ಮರಳುಗಲ್ಲು ಹಾಗಿಲ್ಲ. ಅದರ ಹಳೆಯ ಪದರಗಳು ನೂರು ಕೋಟಿ ವರ್ಷಕ್ಕೂ ಹಿಂದಿನವು. ಅಷ್ಟು ಕಾಲದಲ್ಲಿ ಕಣಗಳ ನಡುವೆ ಸಿಲಿಕಾ ಕೂತು ರಂಧ್ರಗಳು ಮುಚ್ಚಿವೆ. ಗೋಕಾಕದ ಬಂಡೆಯನ್ನು ಸುತ್ತಿಗೆಯಿಂದ ಬಡಿದರೆ ಬೆಣಚುಕಲ್ಲಿನಂತೆ ಠಣ್ ಎನ್ನುವುದು ಅದಕ್ಕೇ. ಇಂಥ ಗಡಸು ಮರಳುಗಲ್ಲು ಕರಿಕಲ್ಲಿನ ಕೆಳಗಿದ್ದರೂ ಅಲೆಯ ಕಣ್ಣಿಗೆ ಕರಿಕಲ್ಲಿಗಿಂತ ಬಹಳ ಬೇರೆ ಅನ್ನಿಸದು. ಕಾಣದಿರುವುದೇ ಅದರ ಗುಣದ ಬಗ್ಗೆ ಒಂದು ಸಾಕ್ಷಿ: ತೈಲ ತುಂಬಿಕೊಳ್ಳಲು ಜಾಗ ಉಳಿದಿರುವ ಕಲ್ಲಾಗಿದ್ದರೆ ಅದು ಇಷ್ಟು ಸುಲಭವಾಗಿ ಅಡಗಿರುತ್ತಿರಲಿಲ್ಲ.

ನಮ್ಮ ನೆರೆಯಲ್ಲಿ ಈ ಕೆಲಸ ಹೊಸದಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸೋವಿಯತ್ ವಿಜ್ಞಾನಿಗಳ ನೆರವಿನಿಂದ 1970ರ ದಶಕದ ಮೊದಲಲ್ಲಿ ದೇಶದ ಮೊತ್ತಮೊದಲ ಆಳ ಸಿಸ್ಮಿಕ್ ರೇಖೆಯನ್ನು ಎಳೆದದ್ದು ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್. ಮುಂದೆ ಮಹಾರಾಷ್ಟ್ರದ ಕೊಯ್ನಾ ಸೀಮೆಯಲ್ಲಿ ಎರಡು ರೇಖೆಗಳಾದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾದಲ್ಲಿ 6.3 ಪ್ರಮಾಣದ ಭೂಕಂಪವಾಗಿ ಸುಮಾರು 200 ಜನ ಸತ್ತ ಮೇಲೆ ಆ ನೆಲದ ಒಳಗನ್ನು ಅರಿಯುವುದು ಅನಿವಾರ್ಯವಾಗಿತ್ತು. ಆ ಎರಡರಲ್ಲಿ ಒಂದು ರೇಖೆ ಕೊಂಕಣ ಕರಾವಳಿಯ ಗುಹಾಗರದಲ್ಲಿ ಹೊರಟು ಸಹ್ಯಾದ್ರಿ ದಾಟಿ ಸಾಂಗಲಿ ಜಿಲ್ಲೆಯ ಚೋರೋಚಿಯಲ್ಲಿ ಮುಗಿಯಿತು. ಚೋರೋಚಿಯಿಂದ ನಮ್ಮ ಅಥಣಿ ಸೀಮೆ ದೂರವಲ್ಲ. ಪಶ್ಚಿಮದಲ್ಲಿ ದಪ್ಪವಾದ ಕರಿಕಲ್ಲು ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ ಎಂದು ಆ ರೇಖೆ ತೋರಿಸಿತು.

ಅಂದಿನ ವಿಧಾನ ಬೇರೆ. ನೇರ ಮರುದನಿಗಿಂತ ಹೆಚ್ಚಾಗಿ, ವೇಗದ ಪದರದ ಗುಂಟ ಓಡಿ ದೂರದಲ್ಲಿ ಮೇಲೆದ್ದು ಬರುವ ಅಲೆಗಳನ್ನು ಅದು ಓದುತ್ತಿತ್ತು. ಕೆಳಗಿನ ಪದರ ನಿಧಾನದ್ದಾದರೆ ಅಲೆ ಕೆಳಕ್ಕೆ ಬಾಗಿ ಇಳಿದುಹೋಗುತ್ತದೆ, ಆ ಪದರದಿಂದ ಸುದ್ದಿಯೇ ಬರುವುದಿಲ್ಲ. ದಾಖಲೆಯಲ್ಲಿ ಅಲ್ಲೊಂದು ಜಿಗಿತ ಉಳಿಯುತ್ತದೆ. ಈ ಜಿಗಿತವನ್ನೇ ಸುಳಿವಾಗಿ ಹಿಡಿದು ಸೌರಾಷ್ಟ್ರದಲ್ಲಿ, ನರ್ಮದಾ–ತಾಪಿ ಕಣಿವೆಗಳಲ್ಲಿ ಲಾವಾದ ಕೆಳಗೆ ಅಡಗಿದ್ದ ಮಧ್ಯಜೀವಿ ಯುಗದ ಸಂಚಯ ಶಿಲೆಗಳನ್ನು ವಿಜ್ಞಾನಿಗಳು ಗುರುತಿಸಿದರು. ಬಂದ ಸುದ್ದಿಯಷ್ಟೇ ಬಾರದ ಸುದ್ದಿಯನ್ನೂ ಓದಿದ ಆ ಜಾಣ್ಮೆಯ ಬಗ್ಗೆ ನನಗೆ ತುಂಬು ಗೌರವ. ಕೊಯ್ನಾ ಕಡೆ ಅಂಥ ದಪ್ಪ ಪದರ ಸಿಗಲಿಲ್ಲ.

ಮುಂದೆ ಕೊರೆದು ನೋಡುವ ಅವಕಾಶ ಬಂತು. ಕೊಯ್ನಾದ ಕೊರೆತ ಯೋಜನೆಯಲ್ಲಿ ರಾಸಟಿ ಎಂಬಲ್ಲಿ ಕೊರೆದಾಗ 933 ಮೀಟರ್‌ಗೆ ಕರಿಕಲ್ಲು ಮುಗಿಯಿತು. 2017ರಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದ ಗೋಠಣೆಯ ಬಾವಿಯಲ್ಲಿ 1,247 ಮೀಟರ್‌ಗೆ. ಎರಡೂ ಕಡೆ ಕರಿಕಲ್ಲಿನ ತಳದಲ್ಲಿ ಮರಳುಗಲ್ಲಿನ ಪದರವಿರಲಿಲ್ಲ, ನೇರ ಗ್ರಾನೈಟ್ ಜಾತಿಯ ಪುರಾತನ ಶಿಲೆ. ಪೂರ್ವದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ, 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಕೊರೆದ ಬಾವಿಯಲ್ಲಿ ಕರಿಕಲ್ಲು 338 ಮೀಟರ್‌ಗೇ ಮುಗಿದು, ಕೆಳಗೆ ಎಂಟು ಮೀಟರ್‌ನಷ್ಟು ತೆಳು ಸಂಚಯ ಪದರ, ಅದರಡಿ ಮತ್ತೆ ಹಳೆಯ ಶಿಲೆ ಸಿಕ್ಕಿತು.

ಹಾಗಾದರೆ ಕಲಾದಗಿಯ ಕಥೆ ಮುಗಿಯಿತೇ? ಪೂರ್ತಿ ಮುಗಿದಿಲ್ಲ. ಬಾಗಲಕೋಟೆ ಕಡೆಯ ಸುಣ್ಣಶಿಲೆ, ಡಾಲೊಮೈಟ್‌ಗಳಲ್ಲಿ ಸ್ಟ್ರೊಮಟೊಲೈಟ್‌ಗಳಿವೆ, ಅಂದರೆ ಆ ಪುರಾತನ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಹಾಸುಹಾಸಾಗಿ ಬೆಳೆದಿದ್ದವು. ತೈಲದ ಮೂಲ ಅಂಥ ಜೀವದ್ರವ್ಯವೇ. ಒಮಾನ್‌ನಲ್ಲಿ, ಸೈಬೀರಿಯದಲ್ಲಿ ಬಹುಕೋಶ ಜೀವಿಗಳು ಹಬ್ಬುವ ಮೊದಲಿನ ಶಿಲೆಗಳಿಂದ ಹುಟ್ಟಿದ ತೈಲ ಸಿಗುತ್ತಿದೆ. ಮಧ್ಯಪ್ರದೇಶದ ವಿಂಧ್ಯ ಶಿಲೆಗಳಲ್ಲಿ ಓಎನ್‌ಜಿಸಿಗೆ ಅನಿಲ ಕಂಡಿದೆ. ಆದರೆ ಜೀವದ್ರವ್ಯ ಇದ್ದರಷ್ಟೇ ಸಾಲದು. ಅದು ಹದವಾಗಿ ಬೇಯಬೇಕು, ಹುಟ್ಟಿದ ತೈಲ ತಂಗಲು ಆಗಲೇ ರಂಧ್ರವಿರಬೇಕು, ಮೇಲೆ ಮುಚ್ಚಳವಿರಬೇಕು, ಆಮೇಲೆ ನೂರು ಕೋಟಿ ವರ್ಷ ಸೋರದೆ ಉಳಿಯಬೇಕು. ಬಾಗಲಕೋಟೆ ಸುತ್ತಿನ ಹಳೆಯ ಪದರಗಳು ಮಡಿಕೆ ಬಿದ್ದು ಬಿರುಕುಬಿಟ್ಟಿರುವುದನ್ನು ಬರಿಗಣ್ಣಿಗೇ ಕಾಣಬಹುದು. ಈ ಎಲ್ಲವನ್ನೂ ಕೂಡಿಸಿ ತೂಗಿದರೆ ನಮ್ಮ ಕಡೆ ತೈಲ ಸಿಗುವ ಸಂಭವ ತೀರ ಕಡಿಮೆ ಎಂದೇ ನನಗನ್ನಿಸುತ್ತದೆ. ಸರ್ವೆ ತಂಡ ಹೊಲದ ಬದುವಿನ ಮೇಲೆ ತಂತಿ ಎಳೆದದ್ದನ್ನು ಕಂಡೊಡನೆ ಭೂಮಿಯ ಬೆಲೆ ಏರಿಸುವವರ ಮಾತು ಯಾರೂ ನಂಬಬಾರದು.

ಆ ಮರುದನಿಗಳ ಉಪಯೋಗ ಮಾತ್ರ ತೈಲಕ್ಕಷ್ಟೇ ಸೀಮಿತವಲ್ಲ. ಕರಿಕಲ್ಲು ಎಲ್ಲಿ ಎಷ್ಟು ದಪ್ಪ, ಅದರ ತಳ ಎಲ್ಲಿ ತಗ್ಗು, ಎಲ್ಲಿ ದಿಬ್ಬ, ಬಿರುಕು ಎತ್ತ ಹರಿದಿದೆ ಎಂಬುದು ನೀರಿಗಾಗಿ ಬೋರ್ ಹೊಡೆಸುವ ರೈತನಿಗೂ ಬೇಕಾದ ಸಂಗತಿ. ಕರಿಕಲ್ಲಿನಲ್ಲಿ ನೀರು ನಿಲ್ಲುವುದು ಗುಳ್ಳೆಗಲ್ಲಿನ ಪಟ್ಟಿಯಲ್ಲಿ, ಬಿರುಕಿನಲ್ಲಿ, ಎರಡು ಹರಿವುಗಳ ಸಂದಿನಲ್ಲಿ. ತೈಲಕ್ಕೆ ಕೇಳುವ ಎರಡು ಪ್ರಶ್ನೆಗಳೇ ಇಲ್ಲಿಯೂ: ಜಾಗ ಎಷ್ಟಿದೆ, ಹರಿದು ಬರುತ್ತದೆಯೇ. ಗುಳ್ಳೆಗಳು ಎಷ್ಟಿದ್ದರೂ ಒಂದಕ್ಕೊಂದು ಕೂಡಿರದಿದ್ದರೆ ಬೋರ್ ಒಣಗಿಯೇ ಇರುತ್ತದೆ. ನೀರಿನ ಹುಡುಕಾಟದಲ್ಲಿ ಸಿಸ್ಮಿಕ್‌ಗಿಂತ ವಿದ್ಯುತ್ ರೋಧ ಅಳೆಯುವ ವಿಧಾನ ಅಗ್ಗ, ಬಳಕೆಯೂ ಹೆಚ್ಚು. ಆದರೆ ಎರಡಕ್ಕೂ ಆಧಾರ ಒಂದೇ, ಕೊರೆದು ನೋಡಿದ ಬಾವಿಯ ದಾಖಲೆ.

ನಮ್ಮಲ್ಲಿ ಇಲ್ಲದಿರುವುದು ಅದೇ ದಾಖಲೆ. ಕಿಲ್ಲಾರಿಯ 338 ಮೀಟರ್ ಎಂದರೆ ಸುಮಾರು 1,100 ಅಡಿ. ಇಂದಿನ ಬೋರ್ ಗಾಡಿಗಳಿಗೆ ಅದು ಎಟುಕದ ಆಳವೇನಲ್ಲ. ಟ್ರ್ಯಾಪ್‌ನ ಅಂಚಿನಲ್ಲಿರುವ ನಮ್ಮ ತಾಲ್ಲೂಕುಗಳಲ್ಲಿ ಆಳವಾದ ಬೋರ್‌ವೆಲ್ ಕರಿಕಲ್ಲಿನ ತಳ ಮುಟ್ಟುವುದು ಅಸಾಧ್ಯದ ಮಾತೇನಲ್ಲ. ಮುಟ್ಟಿದ ಗಳಿಗೆಯಲ್ಲಿ ಮೇಲೆ ಬರುವ ಪುಡಿ ಕಪ್ಪಿನಿಂದ ಬಿಳಿಗೋ ನಸುಗೆಂಪಿಗೋ ತಿರುಗುತ್ತದೆ. ಅದನ್ನು ಗಾಡಿಯವರು ಕಾಣುತ್ತಾರೆ, ಹೊಲದ ಯಜಮಾನರು ಕಾಣುತ್ತಾರೆ. ನೀರು ಬಂತೋ ಇಲ್ಲವೋ ಎಂಬ ಆತಂಕದಲ್ಲಿ ಆ ಪುಡಿ ಬದುವಿನ ಮೇಲೆ ಬಿದ್ದು ಮಳೆಗೆ ಕೊಚ್ಚಿಹೋಗುತ್ತದೆ. ಹತ್ತು ಹತ್ತು ಅಡಿಗೆ ಒಂದು ಮುಷ್ಟಿ ಪುಡಿ ಚೀಲಕ್ಕೆ ಹಾಕಿ, ಮೇಲೆ ಆಳ ಬರೆದು, ಪಂಚಾಯಿತಿಯಲ್ಲೋ ಹತ್ತಿರದ ಕಾಲೇಜಿನಲ್ಲೋ ಇಟ್ಟರೆ, ಭೂವಿಜ್ಞಾನ ಓದುವ ವಿದ್ಯಾರ್ಥಿಗಳು ಅದನ್ನು ಗುರುತಿಸಿ ನಕ್ಷೆಗೆ ಏರಿಸಬಲ್ಲರು. ರಾಷ್ಟ್ರೀಯ ಸಿಸ್ಮಿಕ್ ಕಾರ್ಯಕ್ರಮದಂಥ ಸಮೀಕ್ಷೆಗಳ ದತ್ತಾಂಶಕ್ಕೆಂದೇ ನೋಯ್ಡಾದಲ್ಲಿ ರಾಷ್ಟ್ರೀಯ ದತ್ತಾಂಶ ಭಂಡಾರವಿದೆ. ಕರಿಕಲ್ಲಿನ ತಳ ಇಷ್ಟು ಅಡಿಗೆ ಸಿಕ್ಕಿತು ಎಂಬ ನಾಲ್ಕಾರು ಖಚಿತ ಅಂಕಿಗಳು ಹಾರೂಗೇರಿಯಿಂದ, ಮುಗಳಖೋಡದಿಂದ, ಪಾಲಬಾವಿಯಿಂದ ಬಂದರೆ, ಆಳದಿಂದ ಬಂದ ಮಂದ ಮರುದನಿಗಳಲ್ಲಿ ಯಾವುದು ಲಾವಾದೊಳಗಿನ ಗದ್ದಲ, ಯಾವುದು ಕಲಾದಗಿಯ ಮರಳುಗಲ್ಲಿನ ನೆತ್ತಿ ಎಂದು ಬೇರ್ಪಡಿಸಲು ಭೂಭೌತವಿಜ್ಞಾನಿಗಳಿಗೆ ಆಧಾರ ಸಿಗುತ್ತದೆ.